ಅಪ್ಪ ಅಂದ್ರೆ ಅಕ್ಕ, ಅಕ್ಕ ಅಂದ್ರೆ ಅಣ್ಣ

ಬ್ಯಾಂಕಿನಲ್ಲಿದ್ದಾಗ ನನ್ನನ್ನು ಏಳು ವರ್ಷ ಬೀದರಿಗೆ ಹಾಕಿದ್ದರು. ಹಾಸನದವನಾದ ನನಗೆ ಅಲ್ಲಿಂದ ಬರುವಾಗ ಎರಡು ಆಸ್ತಿ ಆಗಿತ್ತು. ಒಂದು ಬಿದರಿ ಹೂದಾನಿ, ಇನ್ನೊಂದು ಉರ್ದು. ಹೂದಾನಿ ಶೋಕೇಸಿನಲ್ಲಿ ತೆಪ್ಪಗೆ ಕೂತಿದೆ. ಉರ್ದು ಹಾಗೆ ಕೂರುವ ಪೈಕಿ ಅಲ್ಲ. ಹಾಸನದಲ್ಲಿ ಅದಕ್ಕೆ ಕೆಲಸವೂ ಇರಲಿಲ್ಲ. ಹಾಗಾಗಿ ಮಗಳಿಗೆ ದುಶಂಬೆಯಲ್ಲಿ ಮೆಡಿಕಲ್ ಸೀಟು ಸಿಕ್ಕಿತು ಅಂದಾಗ ಅವಳಿಗಿಂತ ಜಾಸ್ತಿ ಖುಷಿಪಟ್ಟವನು ನಾನು.

ದುಶಂಬೆ ತಾಜಿಕಿಸ್ತಾನದ ರಾಜಧಾನಿ. ಹೆಂಡತಿ ಮೊಬೈಲಿನಲ್ಲಿ ಮ್ಯಾಪು ನೋಡಿ, "ರೀ, ಇದು ಅಫ್ಘಾನಿಸ್ತಾನದ ನೆತ್ತಿ ಮೇಲಿದೆಯಲ್ರೀ" ಅಂತ ಕೂತುಬಿಟ್ಟಳು. ನಾನು ಧೈರ್ಯ ತುಂಬಿದೆ. "ಅಲ್ಲಿಯವರು ಮಾತಾಡೋದು ಒಂಥರಾ ಫಾರಸಿ ಕಣೇ. ನಮ್ಮ ಕಚೇರಿ ಕನ್ನಡದಲ್ಲೇ ಎಷ್ಟು ಫಾರಸಿ ಇಲ್ಲ? ಜಮೀನು, ಗುಮಾಸ್ತ, ಖಜಾನೆ, ದರಖಾಸ್ತು. ಭಾಷೆ ವಿಷಯ ನನಗೆ ಬಿಡು. ಮೂರು ವಾರ ಇದ್ದು ಎಲ್ಲ ಸರಿಮಾಡಿ ಬರ್ತೀನಿ." ಮಗಳು ಏನೂ ಅನ್ನಲಿಲ್ಲ. ಅವಳು ಬೀದರಿನಲ್ಲಿ ಹುಟ್ಟಿದವಳು, ನನ್ನ ಉರ್ದುವನ್ನು ತೊಟ್ಟಿಲಿನಿಂದ ಕೇಳಿದ್ದಾಳೆ.

ಮೊದಲ ದಿನವೇ ನನಗೆ ಒಂದು ಸೂತ್ರ ಸಿಕ್ಕಿತು. ನಾವು ಆ ಅನ್ನುವ ಕಡೆ ಇವರು ಓ ಅನ್ನುತ್ತಾರೆ, ಅಷ್ಟೇ. ನಾನ್ ಇಲ್ಲಿ ನೋನ್. ಪ್ಯಾಲೆ ಪಿಯೋಲಾ. ಹಿಂದುಸ್ತಾನ ಹಿಂದುಸ್ತೋನ್. ಟ್ಯಾಕ್ಸಿಯವನು ಕನ್ನಡಿಯಲ್ಲಿ ನಮ್ಮನ್ನು ನೋಡಿ, "ಹಿಂದುಸ್ತೋನ್? ಮಿಥುನ್ ಚಕ್ರವರ್ತಿ! ರಾಜ್ ಕಪೂರ್!" ಅಂತ ಸ್ಟಿಯರಿಂಗ್ ಬಿಟ್ಟು ಎರಡೂ ಕೈಯಲ್ಲಿ ಡಿಸ್ಕೋ ಮಾಡಿ ತೋರಿಸಿದ. ಊರಿನ ಹೆಸರಿನ ಅರ್ಥವನ್ನೂ ಅವನಿಂದಲೇ ತಿಳಿದುಕೊಂಡೆ. ಶಂಬೆ ಅಂದರೆ ಶನಿವಾರ, ಯಕ್‌ಶಂಬೆ ಭಾನುವಾರ, ದುಶಂಬೆ ಸೋಮವಾರ. ಹಿಂದೆ ಸೋಮವಾರ ಸಂತೆ ಸೇರುತ್ತಿದ್ದ ಹಳ್ಳಿಯಂತೆ. ಅಂದರೆ ನಮ್ಮ ಸೋಮವಾರಪೇಟೆಯನ್ನೇ ರಾಜಧಾನಿ ಮಾಡಿದ ಹಾಗೆ. ನಡುವೆ 1929ರಿಂದ 1961ರವರೆಗೆ ಸ್ಟಾಲಿನಾಬಾದ್ ಅಂತ ಹೆಸರಿಟ್ಟಿದ್ದರು. ಆಮೇಲೆ ಸ್ಟಾಲಿನ್ ಹೋದ, ಸೋಮವಾರ ವಾಪಸ್ ಬಂತು.

ತೊಡಕಿದ್ದದ್ದು ಲಿಪಿಯಲ್ಲಿ. ಮಾತು ಫಾರಸಿಯಾದರೂ ಬರೆಯುವುದು ರಷ್ಯನ್ ಅಕ್ಷರದಲ್ಲಿ. ಎಲ್ಲಿ ನೋಡಿದರೂ ಅಂಗಡಿಗಳ ಮೇಲೆ ಎಚ್, ಓ, ಎಚ್ ಅಂತ ಬೋರ್ಡು. ಹೋಹ್! ಊರೆಲ್ಲ ಯಾಕೆ ಹೀಗೆ ನಗುತ್ತಿದೆ ಅಂತ ತಲೆ ಕೆಡಿಸಿಕೊಂಡೆ. ಎಚ್ ಥರ ಕಾಣುವ ಆ ಅಕ್ಷರ ಇವರಲ್ಲಿ ನ. ಅದು ನೋನ್, ರೊಟ್ಟಿ ಅಂಗಡಿ. ಹಟ ಹಿಡಿದು ಎರಡು ದಿನದಲ್ಲಿ ಅಕ್ಷರಮಾಲೆ ಕಲಿತೆ. ಮೂರನೆಯ ದಿನ ರೂದಕಿ ರಸ್ತೆಯಲ್ಲಿ, ದೊಡ್ಡ ದೊಡ್ಡ ಚಿನಾರ್ ಮರಗಳ ನೆರಳಲ್ಲಿ, ಬೋರ್ಡು ಓದುತ್ತ ಹೊರಟೆ. ದೊರುಖೋನಾ. ಸ್ವಲ್ಪ ಮುಂದೆ ಇನ್ನೊಂದು ದೊರುಖೋನಾ. ನನ್ನ ಸೂತ್ರ ತಿರುಗಿಸಿ ಹಾಕಿದೆ. ಓ ಇದ್ದ ಕಡೆ ಆ. ದಾರುಖಾನಾ! ಎದೆ ಧಸಕ್ ಅಂದಿತು. ಬೆಳಗ್ಗೆ ಎಂಟಕ್ಕೇ ಬಾಗಿಲು ತೆಗೆದಿವೆ. ಹೆಂಗಸರು ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು ಒಳಗೆ ಹೋಗುತ್ತಿದ್ದಾರೆ. ಮಗಳ ಕಾಲೇಜಿನ ಹತ್ತಿರವಂತೂ ಸಾಲಾಗಿ ನಾಲ್ಕು. ಅಲ್ಲೇ ನಿಂತು ಹೆಂಡತಿಗೆ ಫೋನ್ ಮಾಡುವವನಿದ್ದೆ. ಅಷ್ಟರಲ್ಲಿ ಮಗಳು, "ಅಪ್ಪಾ, ಗಾಜಿನ ಮೇಲೆ ಹಸಿರು ಪ್ಲಸ್ ಕಾಣಿಸ್ತಿಲ್ವಾ?" ಅಂದಳು. ದೊರು ಅಂದರೆ ಔಷಧಿ. ಮೆಡಿಕಲ್ ಸ್ಟೋರು. ಸೂತ್ರ ಸರಿಯಾಗಿಯೇ ಇತ್ತು ನೋಡಿ, ಬೀದರಿನ ದಾರೂನೇ ಬೇರೆ ಇತ್ತು.

ಗೊತ್ತೇ ಇಲ್ಲದ ಭಾಷೆಯ ಊರಿಗೆ ಹೋದವನು ಬಾಯಿ ಮುಚ್ಚಿಕೊಂಡು ಬಚಾವಾಗುತ್ತಾನೆ. ಅರೆಬರೆ ಗೊತ್ತಿರುವವನಿಗೆ ಆ ಭಾಗ್ಯ ಇಲ್ಲ.

ನಾವು ಬಾಡಿಗೆಗೆ ಹಿಡಿದದ್ದು ಒಂದು ಮನೆಯ ಎರಡು ಕೋಣೆ. ನಡುವೆ ಅಂಗಳ, ಮೇಲೆ ದ್ರಾಕ್ಷಿ ಬಳ್ಳಿಯ ಚಪ್ಪರ, ಅದರ ಕೆಳಗೆ ಹತ್ತು ಜನ ಕೂರುವಷ್ಟು ದೊಡ್ಡ ಮರದ ಮಂಚ. ಅದಕ್ಕೆ ತಾಪ್ಚಾನ್ ಅನ್ನುತ್ತಾರೆ. ಸೆಪ್ಟೆಂಬರ್ ತಿಂಗಳು, ತಲೆಯ ಮೇಲೆ ಗೊಂಚಲು ಗೊಂಚಲು ಹಣ್ಣು. ಮನೆಯಲ್ಲಿ ಎಪ್ಪತ್ತು ದಾಟಿದ ಅಜ್ಜಿ, ಮಗ, ಸೊಸೆ, ಇಂಗ್ಲಿಷ್ ಕಲಿಯುತ್ತಿದ್ದ ಹನ್ನೆರಡು ವರ್ಷದ ಮೊಮ್ಮಗ. ನಮಗೆಲ್ಲ ಅವನೇ ದುಭಾಷಿ.

ಊಟಕ್ಕೆ ಕರೆದರು. ಮನೆಯ ಯಜಮಾನ ಎದೆಯ ಮೇಲೆ ಕೈಯಿಟ್ಟು ಸ್ವಲ್ಪ ಬಾಗಿ, ಹೇಗಿದ್ದೀರಿ, ಚೆನ್ನಾಗಿದ್ದೀರಾ, ಮನೆಯಲ್ಲಿ ಎಲ್ಲ ಸೌಖ್ಯವಾ, ಮಕ್ಕಳು ಹೇಗಿದ್ದಾರೆ ಅಂತ ಒಂದೇ ಉಸಿರಿನಲ್ಲಿ ಕೇಳಿದ. ಇದಕ್ಕೆ ಒಂದೊಂದಾಗಿ ಉತ್ತರ ಕೊಡುವ ಹಾಗಿಲ್ಲ. ಅವರು ಕೇಳುತ್ತಿರುವಾಗಲೇ ನಾವೂ ಅದನ್ನೇ ಕೇಳಬೇಕು. ಇಬ್ಬರ ಪ್ರಶ್ನೆಯೂ ಮುಗಿದರೆ ಇಬ್ಬರೂ ಸೌಖ್ಯ ಅಂತ ಲೆಕ್ಕ. ನನಗೆ ಗೊತ್ತಿರಲಿಲ್ಲ. ನಾನು ಹೆಂಡತಿಯ ಮಂಡಿನೋವಿನವರೆಗೆ ವಿವರ ಕೊಟ್ಟೆ. ಮೊಮ್ಮಗ ಮಂಡಿಗೆ ಇಂಗ್ಲಿಷಿನಲ್ಲಿ ಏನು ಅಂತ ಯೋಚಿಸುತ್ತ ನಿಂತ.

ಒಳಗೆ ನೆಲದ ಮೇಲೆ ಉದ್ದಕ್ಕೆ ದಸ್ತರ್‌ಖೋನ್ ಹಾಸಿತ್ತು. ಊಟದ ಬಟ್ಟೆ. ಅದರ ಮೇಲೆ ನೋನ್, ಒಣಹಣ್ಣು, ಬಾದಾಮಿ, ಕರಬೂಜ, ಮಿಠಾಯಿ. ಸುತ್ತ ಕುರ್ಪಾಚಾ ಅನ್ನುವ ಉದ್ದನೆಯ ಹತ್ತಿ ಹಾಸಿಗೆ. ನಾನು ಸಂಕೋಚದಿಂದ ಬಾಗಿಲ ಪಕ್ಕದಲ್ಲೇ ಕೂರಲು ಬಗ್ಗಿದೆ. ತಕ್ಷಣ ಎಲ್ಲರೂ ಎದ್ದು ನಿಂತು, ಕೈ ಮುಂದೆ ಮಾಡಿ, "ಬೋಲೋ! ಬೋಲೋ!" ಅಂದರು.

ಓ, ಅತಿಥಿ ನಾಲ್ಕು ಮಾತಾಡಬೇಕು ಅನ್ನುವ ಪದ್ಧತಿ ಇದೆ ಅಂದುಕೊಂಡೆ. ನಿವೃತ್ತಿಯ ದಿನ ಬ್ಯಾಂಕಿನಲ್ಲೂ ಹೀಗೇ ಬಲವಂತ ಮಾಡಿದ್ದರು. ಗಂಟಲು ಸರಿಮಾಡಿಕೊಂಡು ಬೀದರ್ ಉರ್ದುವಿನಲ್ಲಿ ಶುರು ಮಾಡಿದೆ. ಎರಡು ದೇಶಗಳ ಹಳೆಯ ನಂಟು, ಬೀದರಿನ ಕೋಟೆ, ನನ್ನ ಮೂವತ್ತೆಂಟು ವರ್ಷದ ಸರ್ವಿಸು. ಅವರು ಪಾಪ, ನಿಂತೇ ಇದ್ದರು. ನಡುನಡುವೆ ಯಜಮಾನ ಕೈ ತೋರಿಸಿ ಮತ್ತೆ "ಬೋಲೋ, ಬೋಲೋ" ಅನ್ನುತ್ತಿದ್ದ. ಎಷ್ಟು ಆಸಕ್ತಿ ಇವರಿಗೆ ಅಂತ ನಾನು ಇನ್ನೂ ಎಳೆದೆ. ಕೊನೆಗೆ ಮೊಮ್ಮಗ ನನ್ನ ಅಂಗಿ ಹಿಡಿದು ಕೋಣೆಯ ಆ ತುದಿಗೆ ಕರೆದುಕೊಂಡು ಹೋಗಿ ಕೂರಿಸಿದ. ಬಾಗಿಲಿಗೆ ಎಲ್ಲಕ್ಕಿಂತ ದೂರದ ಜಾಗ ಅತಿಥಿಯದು. ಬೋಲೋ ಅಂದರೆ ಮೇಲೆ. 'ಮೇಲುಗಡೆ ಬನ್ನಿ, ಮೇಲುಗಡೆ ಕೂತ್ಕೊಳ್ಳಿ.' ಘಟ್ಟದ ಮೇಲಿನ ಸೀಮೆಗೆ ಬಾಲಾಘಾಟ್ ಅಂತಾರಲ್ಲ, ಅದೇ ಬಾಲಾ. ಸೂತ್ರ ಹಾಕಬೇಕಾದ ಕಡೆ ಹಾಕಲಿಲ್ಲ ನಾನು.

ಮಗಳು ಅಷ್ಟೂ ಹೊತ್ತು ದ್ರಾಕ್ಷಿಯ ಬೀಜ ಎಣಿಸುತ್ತಿದ್ದಳು.

ಚಹಾ ಬಂತು. ಹಸಿರು ಚಹಾ, ಹಾಲಿಲ್ಲ, ಸಕ್ಕರೆ ಇಲ್ಲ. ಯಜಮಾನ ಅದನ್ನು ಪಿಯೋಲಾಗೆ ಬಗ್ಗಿಸಿ, ಮತ್ತೆ ಪಾತ್ರೆಗೇ ಸುರಿದ. ಹೀಗೆ ಮೂರು ಸಲ. ಬಟ್ಟಲು ತೊಳೆಯುತ್ತಿದ್ದಾನೆ ಅಂದುಕೊಂಡೆ. ಚಹಾ ಹದವಾಗಲಿ ಅಂತ ಮಾಡುವುದಂತೆ. ಆಮೇಲೆ ಬಲಗೈಯಲ್ಲಿ ಬಟ್ಟಲು, ಎಡಗೈ ಎದೆಯ ಮೇಲೆ, ನನಗೆ ಕೊಟ್ಟ. ನೋಡಿದರೆ ಅರ್ಧಕ್ಕೂ ಕಮ್ಮಿ. ಬೆಂಗಳೂರಿನ ಬೈ-ಟು ಕಾಫಿಯೇ ಇದಕ್ಕಿಂತ ಧಾರಾಳ. ಪಾಪ, ಚಹಾ ಸಾಲದೇನೋ ಅಂತ ಸುಮ್ಮನೆ ಕುಡಿದೆ. ಮತ್ತೆ ಅರ್ಧ ಹಾಕಿದ. ಮತ್ತೆ ಕುಡಿದೆ. ಐದನೆಯ ಅರ್ಧಕ್ಕೆ ನನಗೇ ಬೇಜಾರಾಗಿ, ಅವನಿಗೆ ತೊಂದರೆ ಬೇಡ ಅಂತ ನಾನೇ ಪಾತ್ರೆ ಎತ್ತಿ ಬಟ್ಟಲು ತುಂಬ ಬಗ್ಗಿಸಿಕೊಂಡೆ. ಹಾಗೇ, ಮರ್ಯಾದೆಗಿರಲಿ ಅಂತ ಅಜ್ಜಿಯ ಬಟ್ಟಲಿಗೂ ತುಳುಕುವ ಹಾಗೆ ಹಾಕಿದೆ.

ಕೋಣೆ ಸ್ತಬ್ಧವಾಯಿತು. ಅಜ್ಜಿ ಬಟ್ಟಲನ್ನು ನೋಡಿದಳು, ನನ್ನನ್ನು ನೋಡಿದಳು, ಆಮೇಲೆ ತಲೆಯ ವಸ್ತ್ರ ಬಾಯಿಗೆ ಒತ್ತಿಕೊಂಡು ಕುಲುಕುಲು ನಗಲು ಶುರು ಮಾಡಿದಳು. ಮೊಮ್ಮಗ ವಿವರಿಸಿದ. ಬಟ್ಟಲಿಗೆ ಸ್ವಲ್ಪವೇ ಹಾಕಿದರೆ, 'ಮತ್ತೆ ಮತ್ತೆ ಹಾಕ್ತೀವಿ, ನಿಧಾನಕ್ಕೆ ಕೂತಿರಿ' ಅಂತ ಅರ್ಥ. ತುಂಬ ಹಾಕಿದರೆ, 'ಕುಡಿದು ಹೊರಡಿ' ಅಂತ. ಅಂದರೆ ನಾನು ಎಪ್ಪತ್ತು ದಾಟಿದ ಮನೆಯೊಡತಿಗೆ, ಅವಳದೇ ಮನೆಯಲ್ಲಿ, ಅವಳದೇ ಚಹಾದಲ್ಲಿ ಗೇಟ್ ಪಾಸ್ ಕೊಟ್ಟಿದ್ದೆ.

ನೋನ್ ವಿಷಯದಲ್ಲೂ ಅವತ್ತೇ ಪಾಠವಾಯಿತು. ದುಂಡನೆಯ ದಪ್ಪ ರೊಟ್ಟಿ, ನಡುವೆ ಅಚ್ಚೊತ್ತಿದ ಚುಕ್ಕಿ ಚುಕ್ಕಿ ಹೂವು. ಒಂದನ್ನು ಕೈಗೆತ್ತಿಕೊಂಡು, ತಳ ಸೀದಿದೆಯಾ ಅಂತ ನೋಡಿ, ಮಗುಚಿ ಇಟ್ಟೆ. ಅಜ್ಜಿ ಕೈ ಚಾಚಿ ನೆಟ್ಟಗೆ ಮಾಡಿದಳು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದನ್ನು ನೋಡಿ ಮಗುಚಿಟ್ಟೆ. ಅದನ್ನೂ ನೆಟ್ಟಗೆ ಮಾಡಿದಳು. ಮೂರನೆಯ ಸಲ ರೊಟ್ಟಿಯ ರಾಶಿಯನ್ನೇ ನನ್ನ ಕೈಗೆಟುಕದ ಕಡೆ ಸರಿಸಿಟ್ಟಳು. ನೋನ್ ಮುಖ ಯಾವತ್ತೂ ಮೇಲೆ ಇರಬೇಕು. ಚಾಕು ತಾಗಿಸಬಾರದು, ಕೈಯಲ್ಲೇ ಮುರಿಯಬೇಕು. ಚೂರು ಕೆಳಗೆ ಬಿದ್ದರೆ ತುಳಿಯಬಾರದು. ಅನ್ನ ಚೆಲ್ಲಿದರೆ ನಮ್ಮಜ್ಜಿ ಬೆನ್ನಿಗೆ ಗುದ್ದುತ್ತಿದ್ದಳು. ಈ ಅಜ್ಜಿ ಅತಿಥಿ ಅಂತ ಬಿಟ್ಟಳು.

ಈ ಅಜ್ಜಿಯನ್ನು ಹೇಗೆ ಕರೆಯುವುದು ಅನ್ನುವುದೇ ನನಗೊಂದು ಪೀಕಲಾಟ. ಮನೆಯವರೆಲ್ಲ ಅವಳನ್ನು "ಬೀಬಿ" ಅನ್ನುತ್ತಿದ್ದರು. ಬೀದರಿನಲ್ಲಿ ಬೀಬಿ ಅಂದರೆ ಹೆಂಡತಿ. ಪರರ ಮನೆಯ ಎಪ್ಪತ್ತರ ಹೆಂಗಸನ್ನು ಬೀಬಿ ಅನ್ನಲು ನನಗೆ ಬಾಯಿ ಬರಲಿಲ್ಲ. ವಾರಗಟ್ಟಲೆ ಬರೀ ಕೆಮ್ಮಿ ಕರೆಯುತ್ತಿದ್ದೆ. ಇಲ್ಲಿ ಬೀಬಿ ಅಂದರೆ ಅಜ್ಜಿ. ಅಕಾ ಅಂದರೆ ಅಣ್ಣ. ಮೀಸೆ ಹೊತ್ತ ಆ ಟ್ಯಾಕ್ಸಿಯವನನ್ನು ಎಲ್ಲರೂ "ಅಕಾ, ಅಕಾ" ಅನ್ನುತ್ತಿದ್ದರು, ನಾನು ಬೇರೇನೋ ತಿಳಿದುಕೊಂಡಿದ್ದೆ. ಅಪಾ ಅಂದರೆ ಅಕ್ಕ. ಅಮ್ಮಾ ಅಂದರೆ ಅಪ್ಪನ ತಂಗಿ, ಸೋದರತ್ತೆ. ಒಂದು ಲೆಡ್ಜರಿನ ಎಲ್ಲ ನಮೂದೂ ತಪ್ಪು ಖಾತೆಗೆ ಬಿದ್ದ ಹಾಗೆ.

ಇದರ ಫಲ ಉಂಡದ್ದು ಮೆಹ್ರಗೋನ್ ಬಜಾರಿನಲ್ಲಿ. ಭರ್ಜರಿ ಮಾರುಕಟ್ಟೆ. ಒಣಹಣ್ಣಿನ ಸಾಲಿನಲ್ಲಿ ನಾನು ಎಲ್ಲೋ ಮುಂದೆ ಹೋಗಿಬಿಟ್ಟೆ. ಮಗಳು ಗಾಬರಿಯಾಗಿ, "ಅಪ್ಪಾ! ಅಪ್ಪಾ!" ಅಂತ ಕೂಗಿದಳು. ಬಣ್ಣ ಬಣ್ಣದ ತಲೆವಸ್ತ್ರದ ನಾಲ್ಕೈದು ಹೆಂಗಸರು ಏಕಕಾಲಕ್ಕೆ ತಿರುಗಿ "ಲಬ್ಬೈ?" ಅಂದರು. ಏನಮ್ಮಾ ಅಂತ. ಇವಳು ಅವರನ್ನೆಲ್ಲ ದಾಟಿ ಬಂದು, ಬಕ್ಕ ತಲೆಯ, ಮೀಸೆಯ ನನ್ನ ತೋಳು ಹಿಡಿದು, "ಅಪ್ಪಾ, ಎಲ್ಲಿ ಹೋಗಿದ್ರಿ?" ಅಂದಳು. ಅವರು ನನ್ನ ಮೀಸೆ ನೋಡಿದರು. ಮುಖ ಮುಖ ನೋಡಿಕೊಂಡರು. ಆಮೇಲೆ ಎದ್ದ ನಗೆ ಕರಬೂಜದ ಸಾಲಿನವರೆಗೆ ಹೋಯಿತು. ಮುಂದೆ ಎಂದು ಹೋದರೂ ಏಪ್ರಿಕಾಟ್ ಮಾರುವ ಹೆಂಗಸು ನನ್ನನ್ನು "ಬನ್ನಿ ಅಕ್ಕಾ" ಅಂತಲೇ ಕರೆದಳು.

ಅದೇ ಸಾಲಿನಲ್ಲಿ ನನಗೊಂದು ಲಾಭವೂ ಆಗಿದೆ, ಅದನ್ನು ಮುಚ್ಚಿಡಬಾರದು. ಒಣದ್ರಾಕ್ಷಿಯವನ ಮುಂದೆ ನಿಂತು, "ಕಿಮತ್?" ಅಂದೆ. ನಮ್ಮ ಕಿಮ್ಮತ್ತು. ಬೆಲೆ ಎಷ್ಟಪ್ಪಾ ಅಂತ. ಅವನು ಕ್ಯಾಲ್ಕುಲೇಟರಿನಲ್ಲಿ 40 ಒತ್ತಿದ. ಸರಿಯಾಗಿ ಕಾಣಿಸದೆ ಮತ್ತೆ "ಕಿಮತ್?" ಅಂದೆ. 35 ಒತ್ತಿದ. ಇದೇನು ಬೇರೆ ರಾಶಿಯ ಬೆಲೆಯಾ ಅಂತ ಅನುಮಾನ ಬಂದು ಮೂರನೆಯ ಸಲ ಸ್ವಲ್ಪ ಜೋರಾಗಿ "ಕಿಮತ್" ಅಂದೆ. ಅವನು ನಿಟ್ಟುಸಿರು ಬಿಟ್ಟು 30 ಮಾಡಿ, ಎದೆಯ ಮೇಲೆ ಕೈಯಿಟ್ಟು, "ಅರ್ಜೋನ್, ಅರ್ಜೋನ್" ಅಂದ. ಅಗ್ಗ, ಅಗ್ಗ ಅಂತ. ಇಲ್ಲಿ ಕಿಮತ್ ಅಂದರೆ ದುಬಾರಿ. 'ದುಬಾರಿ, ದುಬಾರಿ' ಅಂತ ನಾನು ಗದರುತ್ತಿದ್ದೇನೆ ಅಂತ ತಿಳಿದು ಪಾಪ ಇಳಿಸುತ್ತಾ ಹೋಗಿದ್ದ. ಜೀವನದಲ್ಲಿ ಒಮ್ಮೆಯೂ ಚೌಕಾಸಿ ಬರದ ನನಗೆ ಕಿಲೋಗೆ ಹತ್ತು ಸೊಮೋನಿ (ಅಲ್ಲಿಯ ದುಡ್ಡು) ಉಳಿಯಿತು. ಹೆಂಡತಿಗೆ ಹೇಳಿದರೆ ಇನ್ನೂ ನಂಬಿಲ್ಲ.

ನಾನು ಸಸ್ಯಾಹಾರಿ. ಇದು ಈ ದೇಶದಲ್ಲಿ ರೋಗದ ಹೆಸರು ಹೇಳಿದ ಹಾಗೆ. ಒಂದು ಮಧ್ಯಾಹ್ನ ಸಣ್ಣ ಹೋಟೆಲಿಗೆ ಹೋಗಿ, "ಗೋಷ್ತ್ ಬೇಡ. ಸಬ್ಜಿ" ಅಂದೆ. ಹುಡುಗ ಹುಬ್ಬೇರಿಸಿ, "ಫಕತ್ ಸಬ್ಜೀ?" ಅಂದ. ಆಹಾ, ನಮ್ಮ ಕಡೆಯ ಫಕ್ತ! ಕಿವಿಗೆ ಹಬ್ಬವಾಗಿ, "ಫಕ್ತ ಸಬ್ಜಿ, ಫಕ್ತ ಸಬ್ಜಿ" ಅಂತ ಎರಡು ಸಲ ಹೇಳಿದೆ. ಅವನು ಒಳಗೆ ಹೋದ. ಅಡುಗೆಯವನು ಬಾಗಿಲಿಗೆ ಬಂದು ನನ್ನನ್ನು ನೋಡಿ ಒಳಗೆ ಹೋದ. ಇನ್ನೊಬ್ಬನನ್ನು ಕರೆತಂದು ತೋರಿಸಿದ. ಹತ್ತು ನಿಮಿಷಕ್ಕೆ ನನ್ನ ಮುಂದೆ ಒಂದು ತಟ್ಟೆ ಬಂತು. ಸಣ್ಣಗೆ ಉದ್ದುದ್ದ ಹೆಚ್ಚಿದ ಹಸಿ ಕ್ಯಾರೆಟ್ಟು. ಬರೀ ಕ್ಯಾರೆಟ್ಟು. ಒಗ್ಗರಣೆ ಇಲ್ಲದ, ಬೇಳೆ ಇಲ್ಲದ, ಉಪ್ಪೂ ಇಲ್ಲದ ಕೋಸಂಬರಿ, ಅದೂ ಗುಡ್ಡದಷ್ಟು. ತಾಜಿಕರಿಗೆ ಸಬ್ಜಿ ಅಂದರೆ ಕ್ಯಾರೆಟ್. ಹುಡುಗ ಸ್ವಲ್ಪ ದೂರದಲ್ಲಿ ನಿಂತು ನೋಡುತ್ತಲೇ ಇದ್ದ. ಕುದುರೆಗೆ ಹುಲ್ಲು ಹಾಕಿ ನಿಂತವರು ನೋಡುವ ಹಾಗೆ. ಮರ್ಯಾದೆ ಪ್ರಶ್ನೆ. ಪೂರ್ತಿ ತಿಂದೆ.

ಅಷ್ಟು ಕ್ಯಾರೆಟ್ ಹೋಟೆಲಿನಲ್ಲಿ ಯಾಕಿತ್ತು ಅಂದರೆ, ಅದು ಓಷ್‌ಗೆ. ಓಷ್ ಅಂದರೆ ಇವರ ಪಲಾವು, ಇವರ ಮದುವೆ, ಇವರ ಹಬ್ಬ, ಎಲ್ಲ ಅದೇ. 2016ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿದೆ. ಅದೇ ವರ್ಷ ಪಕ್ಕದ ಉಜ್ಬೇಕಿಸ್ತಾನದ ಪಲೋವ್ ಕೂಡ ಸೇರಿತು. ಇಬ್ಬರಲ್ಲಿ ಯಾರದು ಮೊದಲು ಅಂತ ಇಲ್ಲಿ ಕೇಳಬೇಡಿ, ಅದು ಮೈಸೂರುಪಾಕು ಯಾರದು ಅಂತ ಚೆನ್ನೈನಲ್ಲಿ ಕೇಳಿದ ಹಾಗೆ. ದೊಡ್ಡ ಬಾಣಲೆಯಲ್ಲಿ ಎಣ್ಣೆ, ಮಾಂಸ, ಈರುಳ್ಳಿ, ರಾಶಿ ಕ್ಯಾರೆಟ್, ಜೀರಿಗೆ, ಕಡಲೆಕಾಳು, ಸಿಪ್ಪೆ ಸಮೇತ ಇಡೀ ಬೆಳ್ಳುಳ್ಳಿ ಗಡ್ಡೆ, ಮೇಲೆ ಅಕ್ಕಿ. ಬೀಬಿ ನನಗೋಸ್ಕರ ಪ್ರತ್ಯೇಕ ಪಾತ್ರೆಯಲ್ಲಿ ಮಾಂಸ ಹಾಕದೆ ಮಾಡಿದಳು. ಕಣ್ಣಲ್ಲಿ ನೀರು ಬಂತು. ಆದರೆ ಅತಿಥಿ ಒಬ್ಬನೇ ಉಣ್ಣುವುದುಂಟೇ? ನನ್ನ ಓಷನ್ನು ಅಗಲವಾದ ತಟ್ಟೆಗೆ ಸುರಿದು, ಮನೆಯ ನಾಲ್ವರೂ ನನ್ನ ಮಗಳೂ ನನ್ನ ಜೊತೆ ಅದೇ ತಟ್ಟೆಗೆ ಕೈ ಹಾಕಿ ಕೂತರು.

ನಮ್ಮ ಮನೆಯಲ್ಲಿ ಎಂಜಲು ಅನ್ನುವುದು ಐದನೆಯ ವೇದ. ತಟ್ಟೆ ಮುಟ್ಟಿದ ಕೈಯಲ್ಲಿ ಸೌಟು ಹಿಡಿದರೆ ಹೆಂಡತಿ ಸಾರಿನ ಪಾತ್ರೆಯನ್ನೇ ಎತ್ತಿಡುತ್ತಾಳೆ. ಇಲ್ಲಿ ಆರು ಕೈ, ಒಂದು ತಟ್ಟೆ. ಹಾಸನದ ದಿಕ್ಕಿಗೆ ಮನಸ್ಸಿನಲ್ಲೇ ಕೈಮುಗಿದು ಶುರು ಮಾಡಿದೆ. ಕೈಯಲ್ಲಿ ಉಣ್ಣುವುದರಲ್ಲಿ ನಾನೇನು ಕಮ್ಮಿಯೇ? ಆದರೆ ನಾನು ಕಲಸುವವನು. ಇವರು ತಮ್ಮ ಮುಂದಿನ ಅನ್ನವನ್ನು ಮೂರು ಬೆರಳಲ್ಲಿ ಒತ್ತಿ ಅಚ್ಚುಕಟ್ಟಾಗಿ ಎತ್ತುತ್ತಾರೆ. ನಾನು ಅಂಗೈಯಿಂದ ಕಲಸಿ, ಉಂಡೆ ಕಟ್ಟಿ, ಆರು ಜನರ ಗಡಿಯನ್ನೂ ಅಳಿಸಿಹಾಕಿದೆ. ರುಚಿ ಮಾತ್ರ, ದೇವರಾಣೆ, ಕ್ಯಾರೆಟ್ಟು ಬೆಣ್ಣೆಯಾಗಿತ್ತು. ನಡುವೆ ಒಂದು ಬೆಳ್ಳುಳ್ಳಿ ಗಡ್ಡೆ ಉಳಿದಿತ್ತು. ಹಿಂಡಿದರೆ ಬೆಂದ ತಿರುಳು ಜಾಮಿನ ಹಾಗೆ ಬರುತ್ತದೆ. ಯಾರೂ ತೆಗೆಯುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡು ಕೈ ಚಾಚಿದೆ. ಅಷ್ಟರಲ್ಲಿ ಬೀಬಿ ಎರಡೂ ಕೈ ಬೊಗಸೆ ಮಾಡಿ ಏನೋ ಹೇಳಿದಳು. ಎಲ್ಲರೂ "ಓಮಿನ್" ಅಂತ ಮುಖ ಸವರಿಕೊಂಡರು. ಅದಾದ ಮೇಲೆ ಒಂದು ಅಗುಳೂ ಮುಟ್ಟುವ ಹಾಗಿಲ್ಲ. ನನ್ನ ಕೈ ಬೆಳ್ಳುಳ್ಳಿಯ ಮೇಲೆ ಗಾಳಿಯಲ್ಲಿ ನಿಂತಿತು. ಅದನ್ನೇ ಹಾಗೆ ತಿರುಗಿಸಿ ಮುಖ ಸವರಿಕೊಂಡೆ. ಮೀಸೆಗೆ ಓಷ್ ಅಂಟಿತು.

ಮಾತಿನ ಮಧ್ಯೆ ಬೀಬಿ, ಮಗಳ ಮದುವೆಗೆ ಎಷ್ಟು ಜನ ಕರೆಯುತ್ತೀರಿ ಅಂತ ಕೇಳಿದಳು. ಸಾವಿರದ ಐನೂರು ಅಂದೆ. ಮೊಮ್ಮಗ ಸೊನ್ನೆ ಜಾಸ್ತಿಯಾಯಿತು ಅಂತ ತಿದ್ದಿ ಹೇಳಿದ. ಅವನದು ತಪ್ಪಲ್ಲ. ಇಲ್ಲಿ 2007ರಿಂದ ಮದುವೆಗೆ 150 ಜನ ಮೀರಬಾರದು ಅಂತ ಕಾನೂನೇ ಇದೆ. ಹಾಸನದಲ್ಲಿ 150 ಅಂದರೆ ಚಪ್ಪರ ಹಾಕುವವರು, ವಾಲಗದವರು, ಅಡುಗೆಯವರು ಸೇರಿ ಮುಗಿದುಹೋಗುತ್ತೆ.

ಚಹಾದ ಬರಗಾಲ ಮಾತ್ರ ಕಾಡುತ್ತಿತ್ತು. ಹಾಲು ಹಾಕಿದ ಒಂದು ಲೋಟಕ್ಕಾಗಿ ಪ್ರಾಣ ಒದ್ದಾಡುತ್ತಿರುವಾಗ, ಪಾಮಿರ್ ಬೆಟ್ಟದ ಕಡೆಯ ಪಕ್ಕದ ಮನೆಯವರು ಬೆಳಗಿನ ಶೀರ್‌ಚೋಯ್‌ಗೆ ಕರೆದರು. ಶೀರ್ ಅಂದರೆ ಹಾಲು. ಬೀದರಿನಲ್ಲಿ ಎಷ್ಟು ರಂಜಾನಿಗೆ ಶೀರ್ ಖುರ್ಮಾ ಕುಡಿದಿಲ್ಲ! ಈ ಸಲ ಮೋಸ ಇಲ್ಲ ಅಂತ ಓಡಿದೆ. ನೊರೆ ನೊರೆ ಹಾಲು, ಹದವಾದ ಬಣ್ಣ, ಮೇಲೆ ಕರಗುತ್ತಿರುವ ಬೆಣ್ಣೆ. ದೊಡ್ಡ ಗುಟುಕು ಹಾಕಿದೆ. ಪದ ಸರಿಯಾಗಿಯೇ ಇತ್ತು. ಉಪ್ಪು ಹಾಕಿದ್ದರು.

ಕೊನೆಗೆ ನನ್ನನ್ನು ಕಾಪಾಡಿದ್ದು ಕುರುತೋಬ್. ಕುರುತ್ ಅಂದರೆ ಗಟ್ಟಿ ಮೊಸರಿಗೆ ಉಪ್ಪು ಹಾಕಿ, ಉಂಡೆ ಕಟ್ಟಿ, ಕಲ್ಲಾಗುವವರೆಗೆ ಒಣಗಿಸಿದ್ದು. ಮೊದಲ ವಾರ ಅದನ್ನು ಪೆಪ್ಪರ್‌ಮೆಂಟ್ ಅಂತ ತಿಳಿದು ಬಾಯಿಗೆ ಹಾಕಿಕೊಂಡು ದವಡೆ ಹಲ್ಲು ಅಲ್ಲಾಡಿಸಿಕೊಂಡಿದ್ದೆ. ಮಜ್ಜಿಗೆ ಮೆಣಸಿನಕಾಯಿಯಿಂದ ಮೆಣಸಿನಕಾಯನ್ನು ಕಿತ್ತುಹಾಕಿದರೆ ಏನುಳಿಯುತ್ತದೋ ಅದರ ರುಚಿ. ಈ ಕುರುತನ್ನು ನೀರಿನಲ್ಲಿ ಕದಡಿದರೆ ಹುಳಿ ಮಜ್ಜಿಗೆ. ಫತೀರ್ ಅನ್ನುವ ಪದರು ಪದರು ರೊಟ್ಟಿಯನ್ನು ಮರದ ತಬಕಿನಲ್ಲಿ ಚೂರು ಮಾಡಿ ಹಾಕಿ, ಮೇಲೆ ಆ ಮಜ್ಜಿಗೆ ಸುರಿದು, ಎಣ್ಣೆಯಲ್ಲಿ ಕರಿದ ಈರುಳ್ಳಿಯನ್ನು ಚುಂಯ್ ಅನ್ನುವ ಹಾಗೆ ಹಾಕಿ, ಟೊಮೆಟೊ, ಸೌತೆಕಾಯಿ, ಕೊತ್ತಂಬರಿ ಉದುರಿಸಿ ಮುಂದಿಟ್ಟರು. ಮಜ್ಜಿಗೆ, ಒಗ್ಗರಣೆ, ಕೊತ್ತಂಬರಿ! ಮಾತೇ ಆಡಲಿಲ್ಲ ನಾನು. ಮೂರು ವಾರದಲ್ಲಿ ನಾನು ಬಾಯಿ ಮುಚ್ಚಿಕೊಂಡು ಕೂತದ್ದು ಅದೊಂದೇ ದಿನ ಅಂತ ಮಗಳು ಹೇಳುತ್ತಾಳೆ.

ಹೊರಡುವ ದಿನ ಬಂತು. ಬೆಳಗಿನ ಜಾವ ನಾಲ್ಕು ಗಂಟೆ, ಅಂಗಳದಲ್ಲಿ ಸೂಟ್‌ಕೇಸು, ಹೊರಗೆ ಟ್ಯಾಕ್ಸಿ. ಮಗಳು ಸುಮ್ಮನೆ ನಿಂತಿದ್ದಳು. ಬೀಬಿ ಒಂದು ನೋನ್ ತಂದು ನನ್ನ ಬಾಯಿಯ ಹತ್ತಿರ ಹಿಡಿದಳು. ಖಾಲಿ ಹೊಟ್ಟೆಯಲ್ಲಿ ಹೋಗಬೇಡ ಅನ್ನುತ್ತಿದ್ದಾಳೆ, ಎಂಥ ತಾಯಿ! ಈ ಸಲ ಮುಖ ಮೇಲೆ ಮಾಡಿಯೇ ಹಿಡಿದುಕೊಂಡೆ. ಒಂದು ತುತ್ತು ಕಚ್ಚಿದೆ. ಅವಳು ವಾಪಸ್ ತೆಗೆದುಕೊಳ್ಳಲು ಎಳೆದಳು. ಮೂರು ವಾರ "ಗಿರೆದ್, ಗಿರೆದ್", ತಗೊಳ್ಳಿ ತಗೊಳ್ಳಿ, ಅಂತ ಬಲವಂತ ಮಾಡಿಸಿಕೊಂಡವನು ನಾನು. ಇದೂ ಅಂಥದೇ ಉಪಚಾರ ಅಂದುಕೊಂಡು ಗಟ್ಟಿಯಾಗಿ ಹಿಡಿದು ಇನ್ನೊಂದು ಕಚ್ಚಿದೆ. ಅವಳು ಇನ್ನೂ ಜೋರಾಗಿ ಎಳೆದಳು. ನಾನು ಬೇಗ ಬೇಗ ತಿಂದೆ. ಮಗಳು, "ಅಪ್ಪಾ, ಬಿಡಿ! ಒಂದೇ ಸಲ ಕಚ್ಚಬೇಕು ಅದನ್ನ!" ಅಂತ ಕೂಗಿದಳು. ಅಷ್ಟರಲ್ಲಿ ಅರ್ಧ ಖಾಲಿಯಾಗಿತ್ತು.

ಮನೆ ಬಿಟ್ಟು ದೂರ ಹೋಗುವವರಿಂದ ನೋನ್ ಕಚ್ಚಿಸಿ, ಅದನ್ನು ಎತ್ತಿಡುತ್ತಾರೆ. ಹೋದವರು ವಾಪಸ್ ಬಂದು ಉಳಿದದ್ದನ್ನು ತಿನ್ನಬೇಕು. ಬರುವವರೆಗೆ ಅದು ಅಲ್ಲೇ ಇರುತ್ತದೆ. ನಾನು ಉಳಿಸಿದ್ದನ್ನು ಬೀಬಿ ಎರಡೂ ಕೈಯಲ್ಲಿ ಹಿಡಿದುಕೊಂಡು, ಮೊಮ್ಮಗನ ಕಿವಿಯಲ್ಲಿ ಏನೋ ಅಂದಳು. "ನೀವು ಬೇಗ ಬರಬೇಕಂತೆ. ಇಲ್ಲಿ ಜಾಸ್ತಿ ಉಳಿದಿಲ್ಲವಂತೆ" ಅಂದ.

ಹೋದ ವಾರ ಮಗಳು ಫೋಟೋ ಕಳಿಸಿದ್ದಳು. ಅಡುಗೆಮನೆಯ ಗೋಡೆ, ಒಂದು ಮೊಳೆ, ಅದಕ್ಕೆ ದಾರದಲ್ಲಿ ನೇತುಹಾಕಿದ ಅರ್ಧಚಂದ್ರ. ನನ್ನ ಹಲ್ಲಿನ ಗುರುತು ಸ್ಪಷ್ಟವಾಗಿ ಕಾಣುತ್ತಿದೆ. ಹೆಂಡತಿ ಕನ್ನಡಕ ಹಾಕಿಕೊಂಡು ದೊಡ್ಡದು ಮಾಡಿ ನೋಡಿದಳು.

"ರೀ, ಎಂಜಲು ರೊಟ್ಟಿನಾ ಗೋಡೆಗೆ ನೇತಾಕಿದಾರಾ?"

"ಹೂಂ."

ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಫೋಟೋ ಇನ್ನಷ್ಟು ದೊಡ್ಡದು ಮಾಡಿದಳು.

"ಇರುವೆ ಮುತ್ತಲ್ವಂತಾ?"